ವೃದ್ಧಾಶ್ರಮದ ಒಳಗೆ ಏನಾಗುತ್ತಿದೆ ಅಂತ ನೋಡುವವರು ಯಾರು?

ತೀರ್ಥಹಳ್ಳಿ, ಹೊಸನಗರದ ಕಡೆ ಒಂಟಿ ಮನೆಗಳು ಜಾಸ್ತಿ. ಮಕ್ಕಳು ಬೆಂಗಳೂರಲ್ಲಿ, ಅಡಿಕೆ ತೋಟ ಚೇಣಿಗೆ, ಅಂದರೆ ಗುತ್ತಿಗೆಗೆ, ಮನೆಯಲ್ಲಿ ವಯಸ್ಸಾದವರು ಇಬ್ಬರೇ. ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರೆ ನೋಡಿಕೊಳ್ಳಲು ಜನ ಸಿಗುವುದಿಲ್ಲ. ಆಗ ಶಿವಮೊಗ್ಗದಲ್ಲಿ ದುಡ್ಡು ಕೊಟ್ಟು ಇರುವ ಆಶ್ರಮ ಹುಡುಕುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಲ್ಲಿ ಸೇರಿಸಿದ ಮೇಲೆ ಅವರನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ವಿಚಾರಿಸುವವರು ಬೇಕಲ್ವಾ?

ವೃದ್ಧರ ಮೇಲಿನ ಹಿಂಸೆಯ ಬಗ್ಗೆ ವೈದ್ಯರು ಬರೆಯಲು ಶುರು ಮಾಡಿದ್ದೇ ತಡವಾಗಿ. 1975ರಲ್ಲಿ ಬ್ರಿಟನ್ನಿನ ವೈದ್ಯ ಪತ್ರಿಕೆಯೊಂದರಲ್ಲಿ ಅಜ್ಜಿಯರಿಗೆ ಹೊಡೆಯುವುದರ ಬಗ್ಗೆ ಪತ್ರವೊಂದು ಬಂತು. ಸಿಬ್ಬಂದಿಯ ಅನುಕೂಲಕ್ಕೆ ವೃದ್ಧರನ್ನು ಕಟ್ಟಿಹಾಕುವಂತಿಲ್ಲ, ಮಂಪರು ಬರುವ ಮಾತ್ರೆ ಕೊಡುವಂತಿಲ್ಲ ಎಂದು ಅಮೆರಿಕ ಕಾನೂನು ಮಾಡಿದ್ದು 1987ರಲ್ಲಿ.

ನಮ್ಮಲ್ಲಿ ಹಿರಿಯ ನಾಗರಿಕರ ಕಾಯ್ದೆ ಬಂದದ್ದು 2007ರಲ್ಲಿ. ಆ ಕಾಯ್ದೆಯ ಕಣ್ಣೆಲ್ಲ ಮಕ್ಕಳ ಮೇಲೆ. ಅಪ್ಪ ಅಮ್ಮನನ್ನು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ (ಎಸಿ) ಮುಂದೆ ಜೀವನಾಂಶ ಕೇಳಬಹುದು. ನಮ್ಮ ಜಿಲ್ಲೆಯಲ್ಲಿ ಅಂದರೆ ಶಿವಮೊಗ್ಗ ಇಲ್ಲವೇ ಸಾಗರದ ಎಸಿ ಕಚೇರಿ. ಹಿರಿಯರನ್ನು ಎಲ್ಲಾದರೂ ಬಿಟ್ಟು ಹೋದರೆ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಖಾಸಗಿ ಆಶ್ರಮಗಳ ನೋಂದಣಿ, ಅಲ್ಲಿ ಇರಲೇಬೇಕಾದ ಸೌಲಭ್ಯ ಇವನ್ನೆಲ್ಲ ಸೇರಿಸಲು 2019ರಲ್ಲಿ ತಿದ್ದುಪಡಿ ಮಸೂದೆ ಬಂತು. ಅದು ಪಾಸಾಗಲೇ ಇಲ್ಲ. 2024ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಅದೂ ಬಿದ್ದುಹೋಯಿತು. ನನಗೆ ತುಂಬಾ ನೋವು ಕೊಡುವ ಸಂಗತಿ ಇದು.

ಅಂಥ ನಿಗಾ ಎಷ್ಟು ಬೇಕು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ಕೇಳಿ. ಇಂಥ ಸಂಸ್ಥೆಗಳ ಸಿಬ್ಬಂದಿಯಲ್ಲಿ ಮೂವರಲ್ಲಿ ಇಬ್ಬರು, ಹಿಂದಿನ ಒಂದು ವರ್ಷದಲ್ಲಿ ತಾವೇ ಒಂದಲ್ಲ ಒಂದು ಬಗೆಯ ಹಿಂಸೆ ಕೊಟ್ಟಿದ್ದಾಗಿ ಹೇಳಿದ್ದಾರೆ. ಇವರೆಲ್ಲ ಕೆಟ್ಟವರು ಅಂತಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಆಯಾ ಹತ್ತಾರು ಮಂದಿಯನ್ನು ನೋಡಬೇಕಾದರೆ ತಾಳ್ಮೆ ಉಳಿಯುವುದು ಕಷ್ಟ.

ಹಾಗಾಗಿ ನೋಡಲು ಹೋದವರು ಸುಮ್ನೆ ಹಣ್ಣು ಕೊಟ್ಟು ವಾಪಸ್ ಬರಬೇಡಿ. ಹೊದಿಕೆ ಸರಿಸಿ ನೋಡಿ. ಹಾಸಿಗೆ ಹುಣ್ಣು ಮೊದಲು ಏಳುವುದು ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ. ಚರ್ಮ ಕೆಂಪಗೋ ಕಪ್ಪಗೋ ಆಗಿ, ಬೆರಳಲ್ಲಿ ಒತ್ತಿದರೂ ಬಣ್ಣ ಬದಲಾಗದಿದ್ದರೆ ಅದೇ ಶುರು. ಮಲಗಿದಲ್ಲೇ ಇರುವವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಷ್ಟು ಆರೈಕೆ ಮಾಡಿದರೂ ಕೆಲವರಿಗೆ ಹುಣ್ಣಾಗುತ್ತದೆ, ನಿಜ. ಆದರೆ ಹುಣ್ಣು ಆಳವಾಗಿ ವಾಸನೆ ಬರುವ ತನಕ ಮನೆಯವರಿಗೆ ತಿಳಿಸಿಲ್ಲ ಅಂದರೆ ಅದು ನಿರ್ಲಕ್ಷ್ಯವೇ. ಒಣಗಿದ ನಾಲಿಗೆ, ಸಡಿಲವಾದ ಬಳೆ, ಎರಡೂ ತೋಳಲ್ಲಿ ಹಿಡಿದ ಗುರುತು, ಹಗಲೆಲ್ಲ ಮಂಪರು, ಆಯಾ ಬಂದರೆ ಮಾತು ನಿಲ್ಲಿಸುವುದು, ಇವನ್ನೂ ಗಮನಿಸಿ.

ಅನುಮಾನ ಬಂದರೆ ಮೊದಲು ಅವರನ್ನೇ ಒಬ್ಬರೇ ಇರುವಾಗ ಕೇಳಿ. ಫೋಟೋ ತೆಗೆದು ತಾರೀಖು ಬರೆದಿಡಿ, ಬೇರೆ ಡಾಕ್ಟರಿಗೆ ತೋರಿಸಿ. ಹಿರಿಯರ ಸಹಾಯವಾಣಿ 14567. ಜೀವಕ್ಕೆ ಅಪಾಯ ಅನ್ನಿಸಿದರೆ ಕಾಯಬೇಡಿ, 112ಕ್ಕೆ ಕರೆ ಮಾಡಿ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೂ ಬರವಣಿಗೆಯಲ್ಲೇ ದೂರು ಕೊಟ್ಟು, ಸೀಲು ಹಾಕಿದ ಪ್ರತಿ ಕೇಳಿ ತೆಗೆದುಕೊಳ್ಳಿ.