ಲೋಕಸಭೆಯ ಸೀಟು, ಸುಪ್ರೀಂ ಕೋರ್ಟಿನ ಕುರ್ಚಿ

ಚುನಾವಣೆಯಲ್ಲಿ ಗೆದ್ದ ಸರ್ಕಾರಕ್ಕೂ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ನೇಮಕಕ್ಕೂ ಏನು ನಂಟು ಎಂಬುದು ಈ ಪಾಠ. ಇದನ್ನು ಓದುವಾಗ ನಾನು ಮಾಡಿದ ತಪ್ಪು ಮೊದಲೇ ಹೇಳಿಬಿಡುತ್ತೇನೆ. ತೀರ್ಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ, ಚುನಾವಣೆಗಳನ್ನು ಇನ್ನೊಂದರಲ್ಲಿ ಬರೆದುಕೊಂಡು ಸುಮ್ನೆ ಬಾಯಿಪಾಠ ಮಾಡಿದ್ದೆ. ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದ ಮೇಲೆ ತಲೆಗೆ ಹತ್ತಿತು.

1967ರಿಂದ ಶುರುಮಾಡಿ. ಆ ವರ್ಷ ಗೋಲಕನಾಥ್ ಪ್ರಕರಣದಲ್ಲಿ 6-5ರ ತೀರ್ಪು ಬಂತು: ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕು ಮಾಡುವಂತಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆಯಿತು. 1970ರಲ್ಲಿ ಬ್ಯಾಂಕ್ ರಾಷ್ಟ್ರೀಕರಣದ ಕಾನೂನು ಕೋರ್ಟಿನಲ್ಲಿ ಬಿದ್ದುಹೋಯಿತು. 1971ರಲ್ಲಿ ಇಂದಿರಾ ಗಾಂಧಿಯವರ ಪಕ್ಷ 352 ಸೀಟು ಗೆದ್ದಿತು. ಅದೇ ವರ್ಷ 24ನೇ ತಿದ್ದುಪಡಿ ತಂದು, ಸಂವಿಧಾನದ ಯಾವ ಭಾಗವನ್ನಾದರೂ ತಿದ್ದುವ ಅಧಿಕಾರ ತನಗಿದೆ ಎಂದು ಸಂಸತ್ತು ಬರೆದುಕೊಂಡಿತು.

ಈಗ 1973ರ ಏಪ್ರಿಲ್. ಇಲ್ಲಿ ನಿಧಾನವಾಗಿ ಓದಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಹೂಡಿದ ಪ್ರಕರಣವನ್ನು 13 ನ್ಯಾಯಮೂರ್ತಿಗಳು 68 ದಿನ ಕೇಳಿದರು. ಏಪ್ರಿಲ್ 24ಕ್ಕೆ ತೀರ್ಪು, 7-6. ತಿದ್ದಬಹುದು, ಆದರೆ ಸಂವಿಧಾನದ ಮೂಲ ರಚನೆಯನ್ನು, ಅಂದರೆ ಅದು ನಿಂತಿರುವ ಬುನಾದಿ ತತ್ವಗಳನ್ನು, ಕೆಡಿಸುವಂತಿಲ್ಲ. ಮರುದಿನವೇ ಹೊಸ ಮುಖ್ಯ ನ್ಯಾಯಮೂರ್ತಿಯ ಹೆಸರು ಹೊರಬಂತು: ಎ.ಎನ್. ರೇ. ಎಲ್ಲರಿಗಿಂತ ಹಿರಿಯರೇ ಆ ಕುರ್ಚಿಗೆ ಬರುವುದು ರೂಢಿ. ಸೇವಾ ಹಿರಿತನದಲ್ಲಿ ಅವರಿಗಿಂತ ಮುಂದಿದ್ದವರು ಶೆಲಟ್, ಕೆ.ಎಸ್. ಹೆಗ್ಡೆ, ಗ್ರೋವರ್. ಮೂವರೂ ಆ ಏಳು ಜನರಲ್ಲಿದ್ದವರು. ರೇ ಆರು ಜನರ ಕಡೆ ಇದ್ದವರು. ಮೂವರೂ ರಾಜೀನಾಮೆ ಕೊಟ್ಟರು. ಸಚಿವ ಮೋಹನ್ ಕುಮಾರಮಂಗಲಂ ಲೋಕಸಭೆಯಲ್ಲಿ ಇದನ್ನು ಮುಚ್ಚಿಡಲೇ ಇಲ್ಲ. ನ್ಯಾಯಮೂರ್ತಿಯ ದೃಷ್ಟಿಕೋನವನ್ನೂ ಸರ್ಕಾರ ನೋಡಬೇಕು ಎಂದೇ ವಾದಿಸಿದರು.

ಹೆಗ್ಡೆಯವರ ಬದುಕೇ ಈ ಪಾಠಕ್ಕೆ ಒಳ್ಳೆಯ ಉದಾಹರಣೆ. ಕಾರ್ಕಳ ಕಡೆಯವರು, ನಿಟ್ಟೆ ವಿದ್ಯಾಸಂಸ್ಥೆ ಕಟ್ಟಿದವರು. 1952ರಲ್ಲಿ ಕಾಂಗ್ರೆಸ್‌ನಿಂದಲೇ ರಾಜ್ಯಸಭೆಗೆ ಹೋಗಿದ್ದರು. 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದು ಲೋಕಸಭೆಯ ಸ್ಪೀಕರ್ ಆದರು! ಪಕ್ಷದಿಂದ ಬಂದವರು ಪಕ್ಷದ ಮಾತೇ ಕೇಳುತ್ತಾರೆ ಅಂತ ಲೆಕ್ಕ ಹಾಕಿದರೆ ತಪ್ಪುತ್ತದೆ, ಅಲ್ವಾ?

ತುರ್ತು ಪರಿಸ್ಥಿತಿಯಲ್ಲಿ ಇದೇ ಆಟ ಇನ್ನೊಮ್ಮೆ ನಡೆಯಿತು. ಆಗ ಬಂಧನದಲ್ಲಿದ್ದವರು ಬಿಡುಗಡೆಗಾಗಿ ಕೋರ್ಟಿಗೆ ಹೋಗಬಹುದೇ ಎಂಬುದು 1976ರ ಜಬಲ್ಪುರ ಪ್ರಕರಣದ ಪ್ರಶ್ನೆ. ಹೋಗುವಂತಿಲ್ಲ ಎಂದಿತು ಬಹುಮತ, ಎಚ್.ಆರ್. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. 1977ರ ಜನವರಿಯಲ್ಲಿ ಹಿರಿಯರಾದ ಅವರನ್ನು ದಾಟಿ ಎಂ.ಎಚ್. ಬೇಗ್ ಮುಖ್ಯ ನ್ಯಾಯಮೂರ್ತಿಯಾದರು.

ಜನತಾ ಸರ್ಕಾರ ಬಂದಾಗ ಸೇಡು ತೀರಿಸಿಕೊಳ್ಳಬಹುದಿತ್ತು. ಜಬಲ್ಪುರ ತೀರ್ಪಿನಲ್ಲಿ ಬಹುಮತದ ಕಡೆ ಇದ್ದ ವೈ.ವಿ. ಚಂದ್ರಚೂಡ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಬೇಡಿ ಎಂಬ ಒತ್ತಡವೂ ಇತ್ತು. ಆದರೂ 1978ರಲ್ಲಿ ಹಿರಿತನದಂತೆ ಅವರನ್ನೇ ನೇಮಿಸಿದರು. ಪರೀಕ್ಷೆಯಲ್ಲಿ ಇದನ್ನು ಜಾಸ್ತಿ ಜನ ಬರೆಯುವುದಿಲ್ಲ, ನೀವು ಬರೆಯಿರಿ.

ಮುಂದಿನದು, ನೇಮಕ ಯಾರ ಕೈಯಲ್ಲಿ ಎಂಬ ಜಗಳ. 1981ರಲ್ಲಿ ಕೇಂದ್ರದಲ್ಲಿ ಗಟ್ಟಿ ಬಹುಮತದ ಸರ್ಕಾರ, ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ಕೋರ್ಟೇ ಸರ್ಕಾರದ ಮಾತಿಗೆ ಹೆಚ್ಚು ತೂಕ ಕೊಟ್ಟಿತು. 1993ರಲ್ಲಿ ನರಸಿಂಹ ರಾವ್ ಅವರದು ಬಹುಮತಕ್ಕೆ ಒದ್ದಾಡುತ್ತಿದ್ದ ಸರ್ಕಾರ. ಆಗ ಒಂಬತ್ತು ನ್ಯಾಯಮೂರ್ತಿಗಳ ಪೀಠ ನೇಮಕದ ಅಧಿಕಾರವನ್ನು ಕೊಲಿಜಿಯಂಗೆ, ಅಂದರೆ ಮುಖ್ಯ ನ್ಯಾಯಮೂರ್ತಿ ಮತ್ತು ಹಿರಿಯ ನ್ಯಾಯಮೂರ್ತಿಗಳ ಗುಂಪಿಗೆ, ಎಳೆದುಕೊಂಡಿತು. 1998ರಲ್ಲಿ, ಮತ್ತೆ ಸಮ್ಮಿಶ್ರ ಸರ್ಕಾರವಿದ್ದಾಗ, ಸುಪ್ರೀಂ ಕೋರ್ಟಿನ ನೇಮಕಕ್ಕೆ ಅದು ಐವರ ಕೊಲಿಜಿಯಂ ಆಯಿತು. ಸರ್ಕಾರ ಸೊರಗಿದಾಗ ಕೋರ್ಟು ಬೆಳೆದಿದೆ ಎನ್ನುವುದು ನನ್ನ ಓದು. ಇದೊಂದೇ ಕಾರಣ ಅಂತ ಮಾತ್ರ ಬರೆಯಬೇಡಿ.

ಯಾಕೆಂದರೆ 2015 ಈ ಲೆಕ್ಕವನ್ನು ಕೆಡಿಸುತ್ತದೆ. 2014ರಲ್ಲಿ ಬಿಜೆಪಿಗೆ 282 ಸೀಟು. ಕೊಲಿಜಿಯಂ ಬದಲು ನ್ಯಾಯಮೂರ್ತಿಗಳನ್ನು ಆರಿಸುವ ನೇಮಕಾತಿ ಆಯೋಗದ ಮಸೂದೆಗೆ ವಿರೋಧ ಪಕ್ಷಗಳೂ ಕೈಜೋಡಿಸಿದವು. ಆಯೋಗದಲ್ಲಿ ಆರು ಜನ: ಮೂವರು ನ್ಯಾಯಮೂರ್ತಿಗಳು, ಕಾನೂನು ಸಚಿವರು, ಇಬ್ಬರು ಗಣ್ಯರು. ಯಾರಾದರೂ ಇಬ್ಬರು ಬೇಡ ಎಂದರೆ ಹೆಸರು ಬಿದ್ದುಹೋಗುತ್ತಿತ್ತು. ಅಂದರೆ ಮೂವರು ನ್ಯಾಯಮೂರ್ತಿಗಳೂ ಒಪ್ಪಿದ ಹೆಸರನ್ನು ಉಳಿದವರಲ್ಲಿ ಇಬ್ಬರು ತಡೆಯಬಹುದು. 4-1ರಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ಭಿನ್ನಮತ ಚಲಮೇಶ್ವರ್ ಅವರದು.

ಹಾಗಾಗಿ ಕೊಲಿಜಿಯಂ ಉಳಿಯಿತು. ಅದು ಎರಡನೇ ಸಲ ಅದೇ ಹೆಸರು ಕಳಿಸಿದರೆ ಸರ್ಕಾರ ಒಪ್ಪಲೇಬೇಕು ಎಂಬುದು ನಿಯಮ. ಎಷ್ಟು ದಿನದೊಳಗೆ ಎಂದು ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ. ಈಗಿನ ಎಳೆದಾಟ ನಡೆಯುತ್ತಿರುವುದು ಈ ಸಂದಿಯಲ್ಲೇ.