ಕಡಿಮೆ ಆರ್‌ಪಿಎಂನಲ್ಲೇ ಜಗ್ಗುವ ಕ್ಯಾಮ್

ಕಬ್ಬಿನ ಹಂಗಾಮಿನಲ್ಲಿ ಮುಧೋಳದ ಕಡೆ ಎರಡು ಟ್ರೇಲರ್ ತುಂಬಿದ ಟ್ರ್ಯಾಕ್ಟರ್ ಎರೆಹೊಲದಿಂದ ರಸ್ತೆಗೆ ಏರುವುದನ್ನು ನೋಡಿದ್ದೀರಲ್ಲ? ಎಂಜಿನ್ ಚೀರುವುದಿಲ್ಲ, ಗುಡುಗುಡು ಅನ್ನುತ್ತಲೇ ಎಳೆದುಕೊಂಡು ಬರುತ್ತದೆ. ‘ಗಾಡಿ ಭಾಳ ಛಲೋ ಜಗ್ಗತೈತಿ’ ಅಂತ ಗ್ಯಾರೇಜಿನಲ್ಲಿ ಹೇಳುವುದನ್ನೇ ಪುಸ್ತಕ ಲೋ-ಎಂಡ್ ಟಾರ್ಕ್, ಅಂದರೆ ಎಂಜಿನ್ ನಿಧಾನ ತಿರುಗುವಾಗಲೇ ಸಿಗುವ ಎಳೆತ, ಅನ್ನುತ್ತದೆ.

ಇಲ್ಲಿ ಬರೆದದ್ದು ಪೆಟ್ರೋಲ್ ಟ್ರಕ್ ಎಂಜಿನ್ ಬಗ್ಗೆ. ಈ ಜಗ್ಗು ಎಲ್ಲಿ ಸಿಗಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕ್ಯಾಮ್, ಅಂದರೆ ವಾಲ್ವ್‌ಗಳನ್ನು ತೆರೆಸಿ ಮುಚ್ಚಿಸುವ ಉಬ್ಬುಗಳ (ಲೋಬ್) ದಂಡ. ಅಮೆರಿಕದ ಎಂಟು ಸಿಲಿಂಡರಿನ ವಿ8 ಪಿಕಪ್‌ಗಳಲ್ಲಿ ಅದನ್ನು ಬದಲಿಸುವ ರೂಢಿ ಹಳೆಯದು. ಡೀಸೆಲ್ ಮಾತು ಆಮೇಲೆ.

ಕ್ಯಾಮ್ ಜೊತೆ ಬರುವ ಕಾರ್ಡಿನಲ್ಲಿ ಹತ್ತಾರು ಅಂಕಿ ಇರುತ್ತವೆ. ನಾನು ಮೊದಲು ಹುಡುಕುವುದು ಒಂದನ್ನೇ: ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ ಮುಚ್ಚುವ ಹೊತ್ತು. ಪಿಸ್ಟನ್ ತಳ ಮುಟ್ಟಿ ಮೇಲೇರತೊಡಗಿದರೂ ಈ ವಾಲ್ವ್ ಇನ್ನೂ ತೆರೆದೇ ಇರುತ್ತದೆ. ವೇಗ ಜೋರಿದ್ದಾಗ ಅದರಿಂದ ಲಾಭ, ನುಗ್ಗಿ ಬರುವ ಗಾಳಿ ತನ್ನ ಓಟದಲ್ಲೇ ಇನ್ನಷ್ಟು ತುಂಬಿಕೊಳ್ಳುತ್ತದೆ. 1500 ಆರ್‌ಪಿಎಂನಲ್ಲಿ ಗಾಳಿಗೆ ಆ ಓಟವಿಲ್ಲ. ಒಳಗೆ ಬಂದದ್ದನ್ನೇ ಪಿಸ್ಟನ್ ಮ್ಯಾನಿಫೋಲ್ಡಿಗೆ (ಗಾಳಿ ಬರುವ ಕೊಳವೆಗೆ) ವಾಪಸ್ ತಳ್ಳುತ್ತದೆ.

ಲೆಕ್ಕ ಹಾಕಿ ನೋಡೋಣ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 100 ಮಿ.ಮೀ., ಕನೆಕ್ಟಿಂಗ್ ರಾಡ್ 160 ಮಿ.ಮೀ., ಕಂಪ್ರೆಶನ್ 9:1 ಅಂತ ಇಟ್ಟುಕೊಳ್ಳಿ. ಡ್ಯುರೇಶನ್ (ವಾಲ್ವ್ ತೆರೆದಿರುವಾಗ ಕ್ರ್ಯಾಂಕ್ ತಿರುಗುವ ಕೋನ) 256°, ಇನ್‌ಟೇಕ್ ಸೆಂಟರ್‌ಲೈನ್ (ಪಿಸ್ಟನ್ ಮೇಲಿನ ತುದಿ ಬಿಟ್ಟ ಮೇಲೆ ವಾಲ್ವ್ ಪೂರ್ತಿ ತೆರೆಯುವ ಕೋನ) 108°. 256ರ ಅರ್ಧ 128. ಅದಕ್ಕೆ 108 ಕೂಡಿಸಿ 180 ಕಳೆದರೆ 56. ಅಂದರೆ ಬಿಡಿಸಿ (BDC, ಪಿಸ್ಟನ್ ತೀರ ತಳದಲ್ಲಿರುವ ಜಾಗ) ದಾಟಿ 56°ಗೆ ವಾಲ್ವ್ ಮುಚ್ಚಿತು. ಆಗ ಪಿಸ್ಟನ್ ಏರಬೇಕಾದದ್ದು ಇನ್ನೂ ಸುಮಾರು 83 ಮಿ.ಮೀ., ನಿಜವಾದ ಕಂಪ್ರೆಶನ್ 7.7ರ ಹತ್ತಿರ. ಡ್ಯುರೇಶನ್ 280° ಇರುವ ಕ್ಯಾಮ್ ಹಾಕಿದರೆ ಮುಚ್ಚುವುದು 68°ಗೆ, ಉಳಿಯುವುದು 76 ಮಿ.ಮೀ.ಗಿಂತ ತುಸು ಕಡಿಮೆ, ಕಂಪ್ರೆಶನ್ ಬರೀ 7. ಬ್ಲಾಕ್ ಅದೇ, ಹೆಡ್ ಅದೇ. ಕೆಳಗಿನ ಜಗ್ಗು ಮಾತ್ರ ಹೋಯಿತು.

ಓವರ್‌ಲ್ಯಾಪ್ ಕೂಡ ಇದೇ ಕಥೆ. ಇನ್‌ಟೇಕ್, ಎಕ್ಸಾಸ್ಟ್ ಎರಡೂ ವಾಲ್ವ್ ಬಹಳ ಹೊತ್ತು ಒಟ್ಟಿಗೆ ತೆರೆದಿದ್ದರೆ ಸುಟ್ಟ ಹೊಗೆ ಇನ್‌ಟೇಕಿಗೆ ಹಿಮ್ಮರಳಿ ಐಡ್ಲಿಂಗ್ ತಡವರಿಸುತ್ತದೆ. ಕೆಲವರಿಗೆ ಆ ಸದ್ದು ಕೇಳಲು ಚೆಂದ. ಸರಕು ಎಳೆಯುವವರಿಗೆ ಅದು ಬೇಡದ ಸಂಗೀತ.

ಹೊಸಬರು ಎಡವುವ ಜಾಗ ಇಲ್ಲಿದೆ: ಡ್ಯುರೇಶನ್ ಕ್ರ್ಯಾಂಕ್ ಡಿಗ್ರಿಯಲ್ಲಿ, ಲೋಬ್ ಸೆಪರೇಶನ್ (ಇನ್‌ಟೇಕ್, ಎಕ್ಸಾಸ್ಟ್ ಉಬ್ಬುಗಳ ನಡುವಿನ ಕೋನ) ಕ್ಯಾಮ್ ಡಿಗ್ರಿಯಲ್ಲಿ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದೇ ಸುತ್ತು. ಇನ್ನೊಂದು, ಒಂದೊಂದು ಕಂಪನಿ ಡ್ಯುರೇಶನ್ ಅಳೆಯಲು ಶುರು ಮಾಡುವ ಲಿಫ್ಟ್ (ಉಬ್ಬು ಎತ್ತುವ ಎತ್ತರ) ಬೇರೆ ಬೇರೆ. ಹೋಲಿಸುವಾಗ 0.050 ಇಂಚಿನ, ಅಂದರೆ 1.27 ಮಿ.ಮೀ. ಲಿಫ್ಟಿನ ಅಂಕಿಯನ್ನೇ ಹಿಡಿಯಿರಿ. ಲಿಫ್ಟ್ ಹೆಚ್ಚಿದ್ದರೆ ವಾಲ್ವ್ ಸ್ಪ್ರಿಂಗ್ ತಾಳುತ್ತದೆಯೇ ನೋಡಿದರೆ ಸಾಲದು, ವಾಲ್ವ್ ಪಿಸ್ಟನ್ನಿಗೆ ತಾಗದಷ್ಟು ಜಾಗ ಇದೆಯೇ ಅಂತಲೂ ನೋಡಬೇಕು.

ನಮ್ಮ ಡೀಸೆಲ್ ಲಾರಿಗಳಲ್ಲಿ ಟಿಡಿಸಿಯಲ್ಲಿ (TDC, ಓಟದ ತೀರ ಮೇಲಿನ ತುದಿಯಲ್ಲಿ) ಪಿಸ್ಟನ್ ಹೆಡ್ಡಿಗೆ ತಾಗುವಷ್ಟು ಹತ್ತಿರ ಬರುತ್ತದೆ, ವಾಲ್ವಿಗೆ ಹೆಚ್ಚು ಜಾಗವೇ ಇಲ್ಲ. ಅಲ್ಲಿ ಜಗ್ಗು ಕೊಡುವುದು ಹೆಚ್ಚಾಗಿ ಟರ್ಬೊ ಮತ್ತು ಡೀಸೆಲ್ ಪಂಪು. ಕ್ಯಾಮಿಗೆ ಕೈ ಹಾಕುವ ಗೊಡವೆ ಬೇಡ.

ಕಲಿಯುವಾಗ ನಾನೊಂದು ಹಳೆ ಪೆಟ್ರೋಲ್ ಜೀಪಿಗೆ ಟೈಮಿಂಗ್ ಗೇರ್ ಕೂಡಿಸಿದ್ದೆ. ಎಂಜಿನ್ ಚಾಲೂ ಆಯಿತು, ಓಡಿತು, ಏರು ಬಂದರೆ ಮಾತ್ರ ಸತ್ತಂತೆ. ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ ತೊಳೆದೆ. ಮೇಸ್ತ್ರಿ ಬಂದು ಕವರ್ ಬಿಚ್ಚಿಸಿ, ಗುರುತಿನ ಮೇಲೆ ಬೆರಳಿಟ್ಟು, ‘ಒಂದ ಹಲ್ಲ ತಪ್ಪೈತಿ ನೋಡೋ ತಮ್ಮಾ’ ಅಂದರು. ಕ್ಯಾಮ್ ಗೇರಿಗೆ 40 ಹಲ್ಲಿದ್ದರೆ ಒಂದು ಹಲ್ಲು ಅಂದರೆ ಕ್ರ್ಯಾಂಕಿನಲ್ಲಿ 18°. ವಾಲ್ವ್ ಅಷ್ಟು ತಡವಾಗಿ ಮುಚ್ಚುತ್ತಿತ್ತು.