ಮುದ್ದೆಯನ್ನು ಅಗಿಯಲು ಕಲಿತ ಚಿಕ್ಕಮ್ಮ

ಮಂಡ್ಯ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಬಸ್ಸಾರಿನಲ್ಲಿ ಅದ್ದಿ, ನುಂಗುತ್ತಾರೆ. ಐವತ್ತು ವರ್ಷ ಹಾಗೇ ಉಂಡ ನಮ್ಮ ಚಿಕ್ಕಮ್ಮ ಈಗ ಗೋಲಿ ಗಾತ್ರದ ತುತ್ತನ್ನು ನಿಧಾನವಾಗಿ ಅಗಿಯುತ್ತಾರೆ. ಹಳೇ ಅಭ್ಯಾಸದಲ್ಲಿ ನುಂಗಿಬಿಟ್ಟರೆ ಎದೆ ಹತ್ತಿರ ಹಿಡಿದುಕೊಂಡಂತಾಗಿ ವಾಂತಿ ಬರುತ್ತದೆ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಅವರಿಗೆ ಬೊಜ್ಜಿನ ಆಪರೇಷನ್ ಆಗಿ ಮೂರು ವರ್ಷವಾಯಿತು.

ಆಗ ಅವರ ತೂಕ 118 ಕೆಜಿ. ಜೊತೆಗೆ ಶುಗರ್, ಬಿಪಿ, ಮಂಡಿನೋವು. 'ಸ್ವಲ್ಪ ಬಾಯಿ ಕಟ್ಟಿದ್ದರೆ ಆಪರೇಷನ್ನೇ ಬೇಕಿರಲಿಲ್ಲ' ಅಂದವರು ಎಷ್ಟೋ ಜನ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಅವರು ಬಾಯಿ ಕಟ್ಟಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಎಂಟು ಕೆಜಿ ಇಳಿಯುತ್ತಿತ್ತು, ಮತ್ತೆ ಅಷ್ಟೂ ಬರುತ್ತಿತ್ತು. ತೂಕ ಇಳಿದರೆ ದೇಹ ಅದನ್ನು ಬರಗಾಲ ಅಂದುಕೊಳ್ಳುತ್ತದೆ. ಹಸಿವಿನ ಹಾರ್ಮೋನು ಹೆಚ್ಚುತ್ತದೆ, ಖರ್ಚಾಗುವ ಶಕ್ತಿ ಕಡಿಮೆಯಾಗುತ್ತದೆ. ಮನಸ್ಸು ಗಟ್ಟಿ ಮಾಡಿದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ.

ಚಿಕ್ಕಮ್ಮನಿಗೆ ಮಾಡಿದ್ದು ಸ್ಲೀವ್ ಆಪರೇಷನ್. ಜಠರದ ಶೇಕಡಾ 75ರಿಂದ 80 ಭಾಗ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಜಾಗ ಚಿಕ್ಕದಾಯಿತು, ಊಟ ಕಡಿಮೆಯಾಯಿತು, ಅಷ್ಟೇ ಅಲ್ವಾ ಅನ್ನಿಸಬಹುದು. ಅಷ್ಟೇ ಅಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಕತ್ತರಿಸಿ ತೆಗೆದ ಆ ಮೇಲ್ಭಾಗದಲ್ಲೇ. ಊಟ ಬೇಗ ಸಣ್ಣ ಕರುಳಿಗೆ ಇಳಿಯುವುದರಿಂದ ಜಿಎಲ್‌ಪಿ-1 ಹಾರ್ಮೋನು ಏರುತ್ತದೆ. ಅದು ಮಿದುಳಿಗೆ 'ಸಾಕು' ಎನ್ನುತ್ತದೆ, ಇನ್ಸುಲಿನ್‌ಗೂ ನೆರವಾಗುತ್ತದೆ. ಅದಕ್ಕೇ ಎಷ್ಟೋ ಜನರಿಗೆ ತೂಕ ಇಳಿಯುವ ಮೊದಲೇ ಶುಗರ್ ಇಳಿಯುತ್ತದೆ.

ವರ್ಷಗಳು ಕಳೆದ ಮೇಲೆ ಏನಾಗುತ್ತದೆ? ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಅಧ್ಯಯನ ಆಪರೇಷನ್ ಆದ ಸುಮಾರು 2,000 ಜನರನ್ನೂ ಬೊಜ್ಜಿದ್ದೂ ಆಪರೇಷನ್ ಆಗದ ಹೆಚ್ಚುಕಡಿಮೆ ಅಷ್ಟೇ ಜನರನ್ನೂ ದಶಕಗಳ ಕಾಲ ನೋಡುತ್ತಾ ಬಂತು. ಅಲ್ಲಿ ಹೆಚ್ಚಿನವರಿಗೆ ಆಗಿದ್ದು ಈಗ ಅಪರೂಪವಾಗಿರುವ ಹಳೇ ಬಗೆಯ ಆಪರೇಷನ್. ಎರಡು ವರ್ಷಕ್ಕೆ ಸರಾಸರಿ ಶೇಕಡಾ 23ರಷ್ಟು ತೂಕ ಇಳಿದಿತ್ತು. ಹತ್ತು ವರ್ಷದ ಹೊತ್ತಿಗೆ ಇಳಿಕೆ 17ಕ್ಕೆ ಬಂದು ಹೆಚ್ಚುಕಡಿಮೆ ಅಲ್ಲೇ ನಿಂತಿತು. ಚಿಕ್ಕಮ್ಮ 84ಕ್ಕೆ ಇಳಿದು ಈಗ 88ಕ್ಕೆ ಬಂದಿದ್ದಾರೆ. ಆ ನಾಲ್ಕು ಕೆಜಿಗೆ ಅವರು ಅತ್ತರು. ಅಳಬೇಕಿರಲಿಲ್ಲ, ಅದು ಹೆಚ್ಚಿನವರಿಗೆ ಆಗುವಂಥದ್ದೇ.

ಅದೇ ಅಧ್ಯಯನದಲ್ಲಿ ಆಪರೇಷನ್ ಆದವರು ಆಗದವರಿಗಿಂತ ಸರಾಸರಿ 3 ವರ್ಷ ಹೆಚ್ಚು ಬದುಕಿದರು. ಆದರೂ ಸಾಮಾನ್ಯ ಜನರ ಆಯಸ್ಸಿಗಿಂತ ಅದು 5 ವರ್ಷಕ್ಕೂ ಜಾಸ್ತಿ ಕಡಿಮೆಯೇ. ಶುಗರ್ ಇದ್ದವರಲ್ಲಿ ಎರಡು ವರ್ಷಕ್ಕೆ ಶೇಕಡಾ 72 ಮಂದಿಗೆ ಅದು ಮರೆಯಾಗಿತ್ತು. 15 ವರ್ಷಕ್ಕೆ ಆ ಸಂಖ್ಯೆ 30. 'ಶುಗರ್ ವಾಸಿಯಾಯ್ತು' ಎಂದು ಪರೀಕ್ಷೆ ಬಿಡುವವರನ್ನು ಕಂಡರೆ ನನಗೆ ಭಯವಾಗುವುದು ಇದಕ್ಕೇ.

ಆಪರೇಷನ್ನಿನಿಂದಲೇ ಸಾವು ಬರುವುದು ನುರಿತ ಕಡೆ ಸಾವಿರಕ್ಕೆ ಒಂದರ ಆಸುಪಾಸು. ನಿಜವಾದ ಕಷ್ಟ ಮನೆಗೆ ಬಂದ ಮೇಲಿನದು. ಆಲೆಮನೆಯ ಬಿಸಿ ಬೆಲ್ಲ ತಿಂದ ದಿನ ಚಿಕ್ಕಮ್ಮನಿಗೆ ಮೈ ಬೆವರಿ, ಎದೆ ಹೊಡೆದುಕೊಂಡು, ತಲೆ ಸುತ್ತಿತ್ತು. ಸಿಹಿ ಒಮ್ಮೆಲೇ ಕರುಳಿಗೆ ನುಗ್ಗಿದರೆ ಹೀಗಾಗುತ್ತದೆ. ಬೀಗರೂಟಕ್ಕೆ ಹೋದರೆ ಬಲವಂತ ಮಾಡಿ ಬಡಿಸುತ್ತಾರೆ. 'ಯಾಕಮ್ಮ ಇಳಿದುಹೋಗಿದ್ದೀಯ, ಕಾಯಿಲೆನಾ?' ಅಂತಲೂ ಕೇಳುತ್ತಾರೆ. ಈಗ ಮನೆಯಲ್ಲಿ ಅವರಿಗೆ ಮೊದಲು ಕಾಳು, ಮೊಟ್ಟೆ. ಆಮೇಲೆ ನಿಂಬೆಹಣ್ಣಿನ ಗಾತ್ರದ ಮುದ್ದೆ.

ವರ್ಷ ತುಂಬುತ್ತಲೇ ಅವರು ವಿಟಮಿನ್ ಮಾತ್ರೆ ಬಿಟ್ಟಿದ್ದರು. ಏನೂ ಆಗಲಿಲ್ಲ. ಮತ್ತೊಂದು ವರ್ಷಕ್ಕೆ ಪಾದಗಳಲ್ಲಿ ಜೋಮು ಶುರುವಾಯಿತು. ರಕ್ತದಲ್ಲಿ ಬಿ12 ತೀರಾ ಕಡಿಮೆಯಿತ್ತು. ಆಹಾರದ ಬಿ12 ಮೈಗೆ ಹತ್ತಲು ಜಠರದ ಆಮ್ಲವೂ ಅಲ್ಲಿ ಊರುವ ಒಂದು ಪ್ರೋಟೀನೂ ಬೇಕು. ಯಕೃತ್ತಿನಲ್ಲಿ ವರ್ಷಗಟ್ಟಲೆಗಾಗುವ ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ಕಾಣುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಕೂಡ ಹೀಗೇ ಸದ್ದಿಲ್ಲದೆ ಇಳಿಯುತ್ತವೆ. ಮಾತ್ರೆ, ರಕ್ತಪರೀಕ್ಷೆ ಎರಡೂ ಜೀವನಪೂರ್ತಿ. ಇಂಜೆಕ್ಷನ್ ಕೊಟ್ಟ ಮೇಲೆ ಜೋಮು ಇಳಿಯಿತು.

ಮುಂದಿನ ತಿಂಗಳ ಪರೀಕ್ಷೆಗೆ ಮೈಸೂರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ ಅಂದೆ. 'ಚೆನ್ನಾಗೇ ಇದ್ದೀನಲ್ಲೋ, ಸುಮ್ನೆ ಯಾಕೆ' ಅಂದರು. ಹೋದ ಸಲವೂ ಹಾಗೇ ಅಂದಿದ್ದರು.